ಚೀಲದಲ್ಲಿಟ್ಟ ಸುಣ್ಣದ ತೂಕ ಏರಿದ್ದು ಹೇಗೆ?

ಪ್ರಶ್ನೆ (ಅಡಿಕೆ ಬೆಳೆಗಾರ): ನಮಸ್ಕಾರ ಸರ್. ಹೋದ ಮಳೆಗಾಲದಲ್ಲಿ ಬೋರ್ಡೋ (ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಮೈಲುತುತ್ತ-ಸುಣ್ಣದ ದ್ರಾವಣ) ಮಾಡಲು 10 ಕೆಜಿ ಸುಟ್ಟ ಸುಣ್ಣ ತಂದಿದ್ದೆ. ಬಳಸದೆ ಗೋಣಿಚೀಲದಲ್ಲೇ ಉಳಿಯಿತು. ಮೊನ್ನೆ ತೂಗಿದರೆ 14 ಕೆಜಿ! ಉಂಡೆಗಳೆಲ್ಲ ಪುಡಿಯಾಗಿವೆ. ಪುಡಿ ಒಣಗಿಯೇ ಇದೆ, ತಕ್ಕಡಿಯೂ ಸರಿಯಿದೆ. ರಾಸಾಯನಿಕ ಕ್ರಿಯೆಯಲ್ಲಿ ತೂಕ ಹೆಚ್ಚುಕಮ್ಮಿ ಆಗುವುದಿಲ್ಲ ಅಂತ ಮಗಳ ಪುಸ್ತಕದಲ್ಲಿದೆ. ಹಾಗಾದ್ರೆ ಈ 4 ಕೆಜಿ ಎಲ್ಲಿಂದ ಬಂತು?

ಉತ್ತರ (ರಸಾಯನಶಾಸ್ತ್ರ ಉಪನ್ಯಾಸಕ): ತಕ್ಕಡಿಯೂ ಸರಿ, ಪುಸ್ತಕವೂ ಸರಿ. ಅದು ಗಾಳಿಯಿಂದ ಬಂದ ತೂಕ.

ಮೊದಲು ಸುಣ್ಣದ ಗೂಡು ನೋಡೋಣ. ಶುದ್ಧವಾದ 100 ಕೆಜಿ ಸುಣ್ಣಕಲ್ಲು ಪೂರ್ತಿ ಬೆಂದರೆ ಸಿಗುವುದು 56 ಕೆಜಿ ಸುಟ್ಟ ಸುಣ್ಣ. ಉಳಿದ 44 ಕೆಜಿ ಕಾರ್ಬನ್ ಡೈ ಆಕ್ಸೈಡ್ ಆಗಿ ಹೊಗೆಯ ಜೊತೆ ಹೊರಟುಹೋಗುತ್ತದೆ. ನಿಮ್ಮ ಚೀಲದಲ್ಲಿ ಇದೇ ಉಲ್ಟಾ ನಡೆದಿದೆ. ಸುಟ್ಟ ಸುಣ್ಣ ಗಾಳಿಯ ತೇವ ಹೀರಿ ಅರಳುತ್ತದೆ: 56ಕ್ಕೆ 18 ಕೆಜಿ ನೀರು ಸೇರಿ 74. ಆಮೇಲೆ ನಿಧಾನವಾಗಿ 44 ಕೆಜಿ ಡೈ ಆಕ್ಸೈಡ್ ಹಿಡಿದುಕೊಂಡು, ಆ 18 ಕೆಜಿ ನೀರು ಬಿಟ್ಟು, ಮತ್ತೆ 100 ಕೆಜಿ ಸುಣ್ಣಕಲ್ಲಿನ ಪುಡಿಯಾಗುತ್ತದೆ.

ಬರೀ ನೀರು ಸೇರಿದ್ದರೆ ನಿಮ್ಮ 10 ಕೆಜಿ ಸುಮಾರು 13.2ಕ್ಕೆ ನಿಲ್ಲಬೇಕಿತ್ತು. 14 ಆಗಿದೆ ಅಂದರೆ ಡೈ ಆಕ್ಸೈಡೂ ಸೇರಿದೆ. ಒಂದು ತಕ್ಕಡಿ ಇಷ್ಟೆಲ್ಲ ಹೇಳುತ್ತದೆ ಅನ್ನುವುದು ನನಗೆ ಇವತ್ತಿಗೂ ಖುಷಿ.

1774ರಲ್ಲಿ ಫ್ರಾನ್ಸಿನ ವಿಜ್ಞಾನಿ ಲಾವೋಸಿಯೇ ಗಾಜಿನ ಪಾತ್ರೆಯ ಬಾಯಿ ಮುಚ್ಚಿ ಒಳಗೆ ತವರ ಕಾಯಿಸಿದ. ಪಾತ್ರೆ ಸಮೇತ ತೂಗಿದಾಗ ತೂಕ ಹಾಗೇ ಇತ್ತು. ತವರ ಒಳಗಿನ ಗಾಳಿಯನ್ನು ಸ್ವಲ್ಪ ಹಿಡಿದುಕೊಂಡಿದ್ದರಿಂದ, ಬಾಯಿ ತೆರೆದಾಗ ಹೊರಗಿನ ಗಾಳಿ ಒಳಗೆ ನುಗ್ಗಿತು, ತೂಕ ಏರಿತು. ನಿಮ್ಮ ಸುಣ್ಣವೂ ಗಾಳಿಯಾಡದ ಡಬ್ಬಿಯಲ್ಲಿದ್ದರೆ 10 ಕೆಜಿಯೇ ಇರುತ್ತಿತ್ತು.

ಬೆಳೆಗಾರ: ಈ ಸಲ ಕೊಳೆ ಔಷಧಿಗೆ ಇದನ್ನೇ ಹಾಕಬಹುದಾ ಸರ್?

ಉಪನ್ಯಾಸಕ: ಒಂದು ಚಮಚ ಪುಡಿಗೆ ನಿಂಬೆರಸ ಹಿಂಡಿ ನೋಡಿ. ನೊರೆ ಜೋರಾಗಿ ಬಂದರೆ ಬೇಡ. ಅಂಥ ಸುಣ್ಣ ಮೈಲುತುತ್ತದ (ತಾಮ್ರದ ಸಲ್ಫೇಟ್) ಹುಳಿಯನ್ನು ಸರಿಯಾಗಿ ಮುರಿಯುವುದಿಲ್ಲ, ಎಳೆಗಾಯಿ ಸುಟ್ಟುಹೋಗಬಹುದು. ಹೊಸ ಸುಣ್ಣದಲ್ಲಿ ಮಾಡಿದರೂ ಉಜ್ಜಿ ಹೊಳಪು ಮಾಡಿದ ಕತ್ತಿಯನ್ನು ದ್ರಾವಣದಲ್ಲಿ ಅದ್ದಿ ನೋಡಿ. ಕೆಂಪು ಲೇಪ ಹಿಡಿದರೆ ಇನ್ನಷ್ಟು ಸುಣ್ಣದ ನೀರು ಬೇಕು. ಆ ಕೆಂಪು ಲೇಪವೇ ಮೈಲುತುತ್ತದ ತಾಮ್ರ. ಅದು ಕೂತಲ್ಲಿಂದ ಕಬ್ಬಿಣ ನೀರಿಗೆ ಇಳಿದಿರುತ್ತದೆ.

ಬೆಳೆಗಾರ: ಈಗಷ್ಟೇ ನೋಡಿದೆ ಸರ್. ಬುಸ್ಸೆಂದು ನೊರೆ ಬಂತು. ಮಗಳೇ ನಿಂಬೆ ಹಿಂಡಿದ್ದು.

ಉಪನ್ಯಾಸಕ: ಚೀಲಕ್ಕೆ ಸೇರಿದ ಡೈ ಆಕ್ಸೈಡೇ ಅದು, ಅವಳಿಗೂ ಹೇಳಿ. ಪುಡಿ ಎಸೆಯಬೇಡಿ. ಮಣ್ಣು ಪರೀಕ್ಷೆಯಲ್ಲಿ ಹುಳಿ ಜಾಸ್ತಿ ಅಂತ ಬಂದಿದ್ದರೆ ತೋಟಕ್ಕೇ ಹಾಕಿ.