ಈ ಪಾರ್ಟಿ ಜಗಳ ನೋಡಿ ವೋಟ್ ಹಾಕೋ ಮನಸ್ಸೇ ಹೋಗಿದೆ, ನಿಮಗೂ ಹೀಗೇನಾ?

ಪ್ರಶ್ನೆ:
ನಾನಿರೋದು ಬೆಂಗಳೂರಲ್ಲಿ. 2018ರಲ್ಲಿ ಬಿಸಿಲಲ್ಲಿ ನಿಂತು ವೋಟ್ ಹಾಕಿದ್ವಿ, ಮುಂದಿನ ವರ್ಷವೇ ಸಮ್ಮಿಶ್ರ ಸರ್ಕಾರ ಬಿತ್ತು, 17 ಜನ ಶಾಸಕರು ಅನರ್ಹ ಆದ್ರು, ಡಿಸೆಂಬರ್ ಬೈಎಲೆಕ್ಷನ್‌ನಲ್ಲಿ ಅವರಲ್ಲೇ ಸುಮಾರು ಜನ ಬೇರೆ ಚಿಹ್ನೆಲಿ ಗೆದ್ದು ಮಂತ್ರಿನೂ ಆದ್ರು. ಹಾಗಾದ್ರೆ ನನ್ನ ವೋಟಿಗೆ ಏನ್ ಬೆಲೆ? ಫ್ಯಾಮಿಲಿ ವಾಟ್ಸಾಪ್ ಗ್ರೂಪಲ್ಲೂ ಬರೀ ನಿಮ್ ಪಾರ್ಟಿ ನಮ್ ಪಾರ್ಟಿ, ನೀರು ಚರಂಡಿ ಬಗ್ಗೆ ಒಬ್ರೂ ಮಾತಾಡಲ್ಲ. ನಿಜವಾಗ್ಲೂ ಬೇಜಾರಾಗಿದೆ.

ಉತ್ತರ 1:
ಸಿಟ್ಟು ಅರ್ಥ ಆಗತ್ತೆ. ಆದ್ರೆ 2023ರಲ್ಲಿ ಜಯನಗರದಲ್ಲಿ ಗೆದ್ದಿದ್ದು ಬರೀ 16 ವೋಟಲ್ಲಿ, ಅದೂ ರೀಕೌಂಟಿಂಗ್ ಆದ್ಮೇಲೆ. ಒಂದು ಅಪಾರ್ಟ್‌ಮೆಂಟಿನ ನಾಲ್ಕೈದು ಮನೆಯವರು ಹೋಗಿದ್ರೆ ರಿಸಲ್ಟೇ ಬೇರೆ ಆಗ್ಬಹುದಿತ್ತು.

ಉತ್ತರ 2:
ನೋಟಾ ಒತ್ತೋಣ ಅಂದ್ರೆ ನೋಟಾಗೆ ಎಷ್ಟೇ ಬರ್ಲಿ, ಉಳಿದವರಲ್ಲಿ ಜಾಸ್ತಿ ಬಂದೋರೇ ಎಮ್ಮೆಲ್ಲೆ. ನನಗೆ ಜಾಸ್ತಿ ನೋವಾಗೋದು ಪಾಲಿಕೆ ವಿಷಯ. 2015ರಲ್ಲಿ ಬಿಬಿಎಂಪಿ ಎಲೆಕ್ಷನ್ ಆಯ್ತು, 2020 ಸೆಪ್ಟೆಂಬರ್‌ಗೆ ಅವಧಿ ಮುಗೀತು, ಆಮೇಲೆ ವರ್ಷಗಟ್ಟಲೆ ಕಾರ್ಪೊರೇಟರೇ ಇಲ್ಲ, ಯಾವ ಪಾರ್ಟಿ ಸರ್ಕಾರ ಬಂದ್ರೂ ವಾರ್ಡ್ ವಿಂಗಡಣೆ, ಮೀಸಲಾತಿ, ಕೋರ್ಟು ಅಂತ ಮುಂದಕ್ಕೆ ಹೋಗ್ತಾನೇ ಇತ್ತು. ಗುಂಡಿ ಬಿದ್ರೆ ಯಾರನ್ನ ಕೇಳ್ಬೇಕು? ಜನಕ್ಕೆ ಆಸಕ್ತಿ ಇಲ್ಲ ಅನ್ನೋಕೆ ಮುಂಚೆ ಇದನ್ನೂ ನೋಡ್ಬೇಕು.

ಉತ್ತರ 3:
ಎಲ್ರಿಗೂ ನಿರಾಸಕ್ತಿ ಅಂತ ನಾನು ಒಪ್ಪಲ್ಲ. ಬಾಡಿಗೆ ಮನೆ ಬದಲಾಯ್ಸಿದವರ ಹೆಸರು ಹಳೇ ಏರಿಯಾದಲ್ಲೋ ಊರಲ್ಲೋ ಇರತ್ತೆ, ಒಂದು ದಿನಕ್ಕೋಸ್ಕರ ಅಷ್ಟು ದೂರ ಯಾರು ಹೋಗ್ತಾರೆ. ವೋಟರ್ ಲಿಸ್ಟಲ್ಲಿ ವಿಳಾಸ ಬದಲಾಯ್ಸೋ ಫಾರ್ಮ್ 8 ಆನ್‌ಲೈನಲ್ಲೇ ತುಂಬಬಹುದು, ಎಲೆಕ್ಷನ್ ಘೋಷಣೆಗೆ ಕಾಯ್ಬೇಡಿ, ಈಗ್ಲೇ ಮಾಡಿ.