ಮಿಜ್ ನೊಣದ ಮೈ ತೆಳ್ಳಗಿರಲು ದಾರ ಸುತ್ತುವ ಬಗೆ

ಪ್ರಶ್ನೆ: ಟ್ರೌಟ್ ಮೀನಿಗಾಗಿ 20ನೇ ಸಂಖ್ಯೆಯ ಪುಟ್ಟ ಗಾಳದ ಮೇಲೆ ಕಪ್ಪು ದಾರ ಮತ್ತು ಬೆಳ್ಳಿ ಬಣ್ಣದ ತಂತಿಯಿಂದ ಜೀಬ್ರಾ ಮಿಜ್ (ಮಿಜ್ ಎಂಬ ಪುಟ್ಟ ಕೀಟವನ್ನು ಹೋಲುವ, ಮೀನು ಹಿಡಿಯಲು ಬಳಸುವ ಕೃತಕ ನೊಣ) ಕಟ್ಟುತ್ತಿದ್ದೇನೆ. ಮೈ ಉಬ್ಬದಂತೆ ದಾರವನ್ನು ಹೇಗೆ ಸುತ್ತಬೇಕೆಂದು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1: ಸುತ್ತುತ್ತ ಹೋದಂತೆ ದಾರಕ್ಕೆ ಹುರಿ ಏರಿ ಅದು ದುಂಡಗಾಗುತ್ತದೆ; ಆದ್ದರಿಂದ ಆಗಾಗ ಬಾಬಿನ್ (ದಾರದ ಉರುಳೆ ಹಿಡಿಯುವ ಸಾಧನ) ಅನ್ನು ತೂಗುಬಿಟ್ಟು, ಹುರಿಗೆ ವಿರುದ್ಧವಾಗಿ ತಿರುಗಿಸಿ, ದಾರ ಚಪ್ಪಟೆಯಾದ ಮೇಲೆಯೇ ಮುಂದುವರಿಯಿರಿ. 70 ಡೆನಿಯರ್ (ದಾರದ ದಪ್ಪದ ಅಳತೆ) ದಾರ ಸಾಕು. ತಂತಿಯನ್ನು ನೊಣದ ತಲೆಯಾಗಿ ಕೂರಿಸುವ ಮಣಿಯ ಹಿಂದಿನಿಂದ ಗಾಳದ ಬಾಗಿನವರೆಗೂ ದಾರದ ಅಡಿಯಲ್ಲಿ ಕೂರಿಸಿದರೆ ನಡುವೆ ಎಲ್ಲಿಯೂ ಏರುಪೇರು ಕಾಣಿಸದು.

ಉತ್ತರ 2: ತಂತಿಯನ್ನು ದಾರದ ವಿರುದ್ಧ ದಿಕ್ಕಿನಲ್ಲಿ ನಾಲ್ಕೈದು ಸುತ್ತು ಮಾತ್ರ ಸುತ್ತಿರಿ, ಪಟ್ಟೆಗಳ ನಡುವೆ ಕಪ್ಪು ಎದ್ದು ಕಾಣುವುದೇ ಈ ನೊಣದ ಜೀವಾಳ.

ಉತ್ತರ 3: ಈ ಅಳತೆಗೆ 1.5 ಮಿಲಿಮೀಟರ್ ಮಣಿ ಹೊಂದುತ್ತದೆ. ಆದರೆ ಮಿಜ್‌ನ ಕೋಶಾವಸ್ಥೆ ಮೇಲ್ಮೈಗೆ ಏರಿ ಬರುವ ಹೊತ್ತಿನಲ್ಲಿ ಮೀನು ಅಲ್ಲಿಯೇ ಮೇಯುವುದರಿಂದ, ನೊಣವನ್ನು ಮುಳುಗಿಸುವ ಮಣಿಯಿಲ್ಲದ ಕೆಲವನ್ನೂ ಕಟ್ಟಿಡಿ.