ಸಾಫ್ಟ್‌ವೇರ್ ಪ್ಯಾಕೇಜ್ ಮಾಡಿ ಹಂಚುವಾಗ ಲೈಸೆನ್ಸ್ ನಿರ್ಬಂಧಗಳನ್ನು ಎಲ್ಲಿ ಬರೆಯಬೇಕು?

ಪ್ರಶ್ನೆ:

ಮೇಡಂ, ನಮಸ್ಕಾರ. ನಾವು ಮೂವರು ಗೆಳೆಯರು ಸೇರಿ ಹಳೆಯದೊಂದು ಕನ್ನಡ ನಿಘಂಟು ಸಾಫ್ಟ್‌ವೇರನ್ನು ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆಗೆ ಪ್ಯಾಕೇಜ್ (ಇನ್‌ಸ್ಟಾಲ್ ಮಾಡಬಹುದಾದ ಕಟ್ಟು) ಮಾಡುತ್ತಿದ್ದೇವೆ. ನಮ್ಮ ತಾಲ್ಲೂಕಿನ ಶಾಲೆಗಳಿಗೆ ಪೆನ್‌ಡ್ರೈವ್‌ನಲ್ಲಿ ಕೊಡಬೇಕು ಅಂತ ಆಸೆ. ಸಾಧ್ಯವಾದರೆ ಮುಂದೆ ಡೆಬಿಯನ್‌ಗೇ ಸೇರಿಸಬೇಕು. ಪ್ರೋಗ್ರಾಂ ಜಾವಾದಲ್ಲಿದೆ, ಜೊತೆಗೆ ಜಿಪಿಎಲ್ 3 ಎಂಬ ಮುಕ್ತ ಸಾಫ್ಟ್‌ವೇರ್ ಲೈಸೆನ್ಸಿನ ಫೈಲ್ ಇದೆ. ಆದರೆ ಒಳಗೆ ನೋಡುತ್ತಾ ಹೋದರೆ ಬೇರೆ ಬೇರೆ ಸಿಕ್ಕಿತು. ಪದಪಟ್ಟಿಯ ಮೇಲೆ "ಶೈಕ್ಷಣಿಕ ಬಳಕೆಗೆ ಮಾತ್ರ, ಮಾರುವಂತಿಲ್ಲ" ಎಂದಿದೆ. ಜೇಸನ್ ಎಂಬ ದತ್ತಾಂಶ ರೂಪವನ್ನು ಓದುವ ಹಳೆಯ ಲೈಬ್ರರಿಯೊಂದರಲ್ಲಿ "ಒಳ್ಳೆಯದಕ್ಕೆ ಬಳಸಬೇಕು, ಕೆಟ್ಟದ್ದಕ್ಕಲ್ಲ" ಎಂಬ ಅರ್ಥದ ಸಾಲಿದೆ. ಫಾಂಟ್ ಫೋಲ್ಡರ್‌ನಲ್ಲಿ ಲೋಹಿತ್ ಮತ್ತು ತುಂಗಾ ಎರಡೂ ಇವೆ. ಇನ್ನೆರಡು ಫೈಲ್‌ಗಳಲ್ಲಿ ಹೆಸರೂ ಇಲ್ಲ, ಲೈಸೆನ್ಸೂ ಇಲ್ಲ. ವೆಬ್‌ಸೈಟಿನಲ್ಲಿ "ಉಚಿತ" ಎಂದಷ್ಟೇ ಬರೆದಿದ್ದಾರೆ. ನಾವು ಪ್ಯಾಕೇಜಿನಲ್ಲಿ "ಜಿಪಿಎಲ್ 3" ಎಂದು ಒಂದೇ ಸಾಲು ಬರೆದರೆ ಸಾಕಾ?

ಉತ್ತರ:

ನಮಸ್ಕಾರ. ಸಾಕಾಗುವುದಿಲ್ಲ. ಆದರೆ ಬರೆಯುವ ಮೊದಲೇ ಒಳಗೆ ಹುಡುಕಿ ನೋಡಿದಿರಲ್ಲ, ಅರ್ಧ ಕೆಲಸ ಅಲ್ಲೇ ಮುಗಿದಿದೆ. ತುಂಬಾ ಜನ ಆ ಹೆಜ್ಜೆಯನ್ನೇ ಬಿಟ್ಟುಬಿಡುತ್ತಾರೆ.

ಮೊದಲು "ಉಚಿತ" ಎಂಬ ಮಾತು. ದುಡ್ಡು ಕೇಳುವುದಿಲ್ಲ ಎನ್ನುವುದು ಬೇರೆ, ನೀವು ಇನ್ನೊಬ್ಬರಿಗೆ ಹಂಚಬಹುದು ಎನ್ನುವುದು ಬೇರೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಕೂಡ ಸಾಹಿತ್ಯ ಕೃತಿಯ ಲೆಕ್ಕಕ್ಕೇ ಬರುತ್ತದೆ. ಏನೂ ಬರೆದಿಲ್ಲ ಎಂದರೆ ಅನುಮತಿ ಇಲ್ಲ ಎಂದೇ ಅರ್ಥ. ಹಾಗಾಗಿ ಲೈಸೆನ್ಸ್ ಇಲ್ಲದ ನಿಮ್ಮ ಆ ಎರಡು ಫೈಲ್‌ಗಳೇ ನನಗೆ ಜಾಸ್ತಿ ಚಿಂತೆಯ ವಿಷಯ. ಲೇಖಕರು ಬೇರೆಯವರಾಗಿದ್ದರೆ ಮೇಲಿನ ಜಿಪಿಎಲ್ ಫೈಲ್ ಅವುಗಳನ್ನು ಕಾಪಾಡುವುದಿಲ್ಲ. ಹಳೆಯ ಆವೃತ್ತಿಗಳನ್ನು ನೋಡಿ, ಯಾರು ಸೇರಿಸಿದ್ದು ಅಂತ ಪತ್ತೆ ಮಾಡಿ, ಅವರನ್ನೇ ಕೇಳಿ.

ಇಲ್ಲಿ ಎರಡು ಥರದ ತೊಡಕುಗಳಿವೆ. ದಯವಿಟ್ಟು ಅವನ್ನು ಕಲಸಬೇಡಿ. ಕೆಲವನ್ನು ಹಂಚಬಹುದು, ಆದರೆ ಷರತ್ತು ಇರುತ್ತದೆ. ಕೆಲವನ್ನು ಹಂಚುವುದಕ್ಕೇ ಆಗುವುದಿಲ್ಲ. ಮೊದಲನೆಯದಕ್ಕೆ ಷರತ್ತನ್ನು ಬರೆದಿಟ್ಟರೆ ದಾರಿ ಸಿಗುತ್ತದೆ. ಎರಡನೆಯದಕ್ಕೆ ಎಷ್ಟು ಚೆನ್ನಾಗಿ ಬರೆದರೂ ಪ್ರಯೋಜನವಿಲ್ಲ, ತೆಗೆಯಲೇಬೇಕು. ತುಂಗಾ ಈ ಎರಡನೇ ಗುಂಪಿಗೆ ಸೇರಿದ್ದು. ಅದು ವಿಂಡೋಸ್ ಜೊತೆ ಬಂದ ಮೈಕ್ರೋಸಾಫ್ಟ್ ಫಾಂಟ್. ನಮ್ಮ ಕಡೆ ಅದನ್ನು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಕಾಪಿ ಮಾಡುವುದು ರೂಢಿಯಾಗಿಬಿಟ್ಟಿದೆ. ಆದರೂ ನಿಮ್ಮ ಪ್ಯಾಕೇಜಿನಲ್ಲಿ ಅದು ಇರಕೂಡದು, ಮೂಲ ಟಾರ್‌ಬಾಲ್‌ನಲ್ಲೂ (ಸೋರ್ಸ್, ಅಂದರೆ ಪ್ರೋಗ್ರಾಂ ಬರೆದ ಮೂಲ ಪಠ್ಯದ ಕಟ್ಟಿನಲ್ಲೂ) ಇರಕೂಡದು.

ಲೋಹಿತ್‌ದು ಓಎಫ್‌ಎಲ್ ಎಂಬ ಮುಕ್ತ ಫಾಂಟ್ ಲೈಸೆನ್ಸ್. ಸಾಫ್ಟ್‌ವೇರ್ ಜೊತೆ ಸೇರಿಸಿ ಹಂಚಬಹುದು, ಫಾಂಟನ್ನು ಮಾತ್ರ ಬಿಡಿಯಾಗಿ ಮಾರುವಂತಿಲ್ಲ. ಓಎಫ್‌ಎಲ್ ಫಾಂಟ್‌ಗಳಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಲೇಖಕರು ಹೆಸರನ್ನು ಕಾಯ್ದಿರಿಸಿದ್ದರೆ, ಫಾಂಟಿನಲ್ಲಿ ಏನಾದರೂ ಬದಲಿಸಿದ ಮೇಲೆ ಅದೇ ಹೆಸರಿನಲ್ಲಿ ಹಂಚುವಂತಿಲ್ಲ. ಗಾತ್ರ ಇಳಿಸಲು ಅಕ್ಷರಗಳನ್ನು ಕತ್ತರಿಸಿದ್ದರೂ ಅದು ಬದಲಾವಣೆಯೇ. ನಿಮ್ಮ ವಿಷಯದಲ್ಲಿ ಸುಲಭದ ದಾರಿ ಇದೆ: ಲೋಹಿತ್, ಗುಬ್ಬಿ, ನವಿಲು ಮೂರೂ ಫಾಂಟ್‌ಗಳು ಡೆಬಿಯನ್‌ನಲ್ಲಿ ಬೇರೆ ಪ್ಯಾಕೇಜ್‌ಗಳಾಗಿ ಇವೆ. ಅವುಗಳಲ್ಲಿ ಒಂದನ್ನು ಅವಲಂಬನೆ (ಜೊತೆಗೆ ಬೇಕಾದ ಪ್ಯಾಕೇಜ್) ಎಂದು ಬರೆದು, ನಿಮ್ಮೊಳಗಿನ ಪ್ರತಿಯನ್ನು ತೆಗೆದುಬಿಡಿ. ಲೈಸೆನ್ಸ್ ದಾಖಲೆಯನ್ನು ಆ ಪ್ಯಾಕೇಜೇ ನೋಡಿಕೊಳ್ಳುತ್ತದೆ.

ಜೇಸನ್ ಲೈಬ್ರರಿಯ ಸಾಲು ಓದಲು ಸೊಗಸಾಗಿದೆ, ಆದರೆ ಅದು ಬಳಕೆಯ ಮೇಲಿನ ನಿರ್ಬಂಧ. ಯಾವುದು ಕೆಟ್ಟದ್ದು ಎಂದು ಯಾರು ತೀರ್ಮಾನಿಸಬೇಕು? ಡೆಬಿಯನ್ ಅದನ್ನು ಮುಕ್ತ ಎಂದು ಒಪ್ಪುವುದಿಲ್ಲ. ಮುಕ್ತ ಸಾಫ್ಟ್‌ವೇರ್ ಸಂಸ್ಥೆಯಾದ ಅಪಾಚೆ ಫೌಂಡೇಶನ್ ಕೂಡ 2016ರಲ್ಲಿ ತನ್ನ ಯೋಜನೆಗಳಲ್ಲಿ ಬೇಡ ಎಂದಿತು. ಜಿಪಿಎಲ್ ಜೊತೆ ಸೇರಿಸಲೂ ಬರುವುದಿಲ್ಲ, ಏಕೆಂದರೆ ಜಿಪಿಎಲ್ ತನ್ನ ಮೇಲೆ ಇಂಥ ಹೆಚ್ಚಿನ ಷರತ್ತುಗಳನ್ನು ಒಪ್ಪುವುದಿಲ್ಲ. ಒಳ್ಳೆಯ ಸುದ್ದಿ ಏನೆಂದರೆ, ಅದೇ ಜಾವಾ ಲೈಬ್ರರಿಯನ್ನು 2022ರಲ್ಲಿ ಸಾರ್ವಜನಿಕ ಸ್ವತ್ತು ಎಂದು ಬಿಟ್ಟುಕೊಟ್ಟರು. ಹೊಸ ಆವೃತ್ತಿಗೆ ಹೋಗಿ, ಆ ತಲೆನೋವು ಮುಗಿಯುತ್ತದೆ.

ಇನ್ನು ಪದಪಟ್ಟಿ. ಡೆಬಿಯನ್‌ನ ಮುಕ್ತ ಸಾಫ್ಟ್‌ವೇರ್ ಮಾರ್ಗಸೂಚಿಯ 6ನೇ ಅಂಶ, ಯಾವ ಕೆಲಸಕ್ಕೆ ಬಳಸುತ್ತೀರಿ ಎಂಬುದರ ಮೇಲೆ ಭೇದ ಮಾಡಬಾರದು ಎನ್ನುತ್ತದೆ. "ಶೈಕ್ಷಣಿಕ ಬಳಕೆಗೆ ಮಾತ್ರ" ಎಂದರೆ ಅಲ್ಲಿ ಸೋತಂತೆಯೇ. ಆದ್ದರಿಂದ ಅದು ಪೂರ್ತಿ ಮುಕ್ತವಾದವುಗಳ 'ಮೇನ್' ವಿಭಾಗಕ್ಕೆ ಬರುವುದಿಲ್ಲ, ಮುಕ್ತವಲ್ಲದವುಗಳ 'ನಾನ್-ಫ್ರೀ'ಗೆ ಹೋಗಬೇಕು. ನಿಮ್ಮ ಪ್ರೋಗ್ರಾಂ ಅದಿಲ್ಲದೆ ನಡೆಯುವುದೇ ಇಲ್ಲ ಎಂದಾದರೆ ಪ್ರೋಗ್ರಾಂ 'ಕಾಂಟ್ರಿಬ್' ವಿಭಾಗಕ್ಕೆ (ತಾನು ಮುಕ್ತವಾದರೂ ಮುಕ್ತವಲ್ಲದ್ದು ಜೊತೆಗೆ ಬೇಕಾದವುಗಳಿಗೆ) ಸೇರುತ್ತದೆ. ಆದರೆ ಆ ಸಾಲನ್ನು ಇನ್ನೊಮ್ಮೆ ಓದಿ. ಅದು "ಬಳಕೆ" ಎಂದು ಹೇಳುತ್ತದೆ. ಹಂಚುವ ಬಗ್ಗೆ, ತಿದ್ದುವ ಬಗ್ಗೆ ಒಂದು ಮಾತೂ ಇಲ್ಲ. 'ನಾನ್-ಫ್ರೀ' ಆದರೂ ಹಂಚುವ ಅನುಮತಿಯಾದರೂ ಬೇಕಲ್ವಾ? ಪಟ್ಟಿ ಮಾಡಿದವರಿಗೆ ಪತ್ರ ಬರೆಯಲೇಬೇಕು. ಫೋನಿನಲ್ಲಿ "ಹಾಕ್ಕೊಳ್ಳಿ" ಎಂದರೆ ಸಾಲದು. ಲೈಸೆನ್ಸ್ ಬರಹದಲ್ಲಿರಬೇಕು ಎಂದು ನಮ್ಮ ಕಾಯ್ದೆಯ 30ನೇ ಸೆಕ್ಷನ್ ಹೇಳುತ್ತದೆ.

ಈಗ ಎಲ್ಲಿ ಬರೆಯುವುದು ಎಂಬ ನಿಮ್ಮ ಮುಖ್ಯ ಪ್ರಶ್ನೆ. ಡೆಬಿಯನ್ ಫೋಲ್ಡರ್ ಒಳಗೆ 'ಕಾಪಿರೈಟ್' ಎಂಬ ಫೈಲ್ ಇರುತ್ತದೆ. ಪ್ಯಾಕೇಜ್ ಹಾಕಿಕೊಂಡವರ ಕಂಪ್ಯೂಟರಿನಲ್ಲೂ ಅದು ಪ್ಯಾಕೇಜಿನ ದಾಖಲೆ ಫೋಲ್ಡರಿಗೆ ಹೋಗಿ ಕೂರುತ್ತದೆ. ಅದರಲ್ಲಿ ಕಂಡಿಕೆಗಳಾಗಿ ಬರೆಯಿರಿ: ಯಾವ ಫೈಲ್‌ಗಳು, ಹಕ್ಕು ಯಾರದು, ಲೈಸೆನ್ಸ್ ಯಾವುದು. ಮೊದಲ ಕಂಡಿಕೆಗೆ ನಕ್ಷತ್ರ ಚಿಹ್ನೆ ಹಾಕಿ, ಅಂದರೆ ಎಲ್ಲ ಫೈಲ್‌ಗಳು. ಬೇರೆ ಲೈಸೆನ್ಸ್ ಇರುವವು ಅದರ ಕೆಳಗೆ ಬರಬೇಕು. ಈ ಕ್ರಮ ಮುಖ್ಯ. ಒಂದು ಫೈಲಿಗೆ ಎರಡು ಕಂಡಿಕೆ ಹೊಂದಿದರೆ ಕೊನೆಯದೇ ಲೆಕ್ಕಕ್ಕೆ. ನಕ್ಷತ್ರದ ಕಂಡಿಕೆಯನ್ನು ಕೊನೆಗೆ ಹಾಕಿದರೆ ಮೇಲೆ ಬರೆದ ನಿರ್ಬಂಧಗಳೆಲ್ಲ ಅಳಿಸಿದ ಹಾಗೆ.

ಲೈಸೆನ್ಸಿನ ಮಾತುಗಳನ್ನು ಇದ್ದ ಹಾಗೇ ಇಡಿ. ಕನ್ನಡದಲ್ಲಿದ್ದರೆ ಕನ್ನಡದಲ್ಲೇ ಇರಲಿ. ನಿಮ್ಮ ವಿವರಣೆಯನ್ನು 'ಕಾಮೆಂಟ್' ಸಾಲಿನಲ್ಲಿ ಬೇರೆಯಾಗಿ ಬರೆಯಿರಿ. ಜಿಪಿಎಲ್, ಅಪಾಚೆ ಥರದ ಕೆಲವು ಲೈಸೆನ್ಸ್‌ಗಳ ಪೂರ್ತಿ ಪಠ್ಯ ಡೆಬಿಯನ್ ಕಂಪ್ಯೂಟರಿನಲ್ಲಿ ಮೊದಲೇ ಇರುತ್ತದೆ, ಅದರ ದಾರಿ ತೋರಿಸಿದರೆ ಸಾಕು. ಅಲ್ಲಿ ಇಲ್ಲದಿದ್ದರೆ ಪೂರ್ತಿ ಪಠ್ಯ ಸೇರಿಸಿ. ಹಾಗೆಯೇ ಜಿಪಿಎಲ್ "3 ಮಾತ್ರ"ವಾ, "3 ಅಥವಾ ಮುಂದಿನದು" ಎಂದಾ? ಇದು ಲೈಸೆನ್ಸ್ ಫೈಲ್ ನೋಡಿದರೆ ತಿಳಿಯುವುದಿಲ್ಲ. ಪ್ರತಿ ಸೋರ್ಸ್ ಫೈಲಿನ ತಲೆಯಲ್ಲಿ ನೋಡಬೇಕು.

ತೆಗೆದುಹಾಕಿದ್ದನ್ನೂ ಬರೆಯಬೇಕು. ಅದೇ ಫೈಲಿನಲ್ಲಿ 'ಫೈಲ್ಸ್-ಎಕ್ಸ್‌ಕ್ಲೂಡೆಡ್' ಎಂಬ ಸಾಲು ಇದೆ. ತುಂಗಾ ಫೈಲಿನ ಹೆಸರನ್ನು ಅಲ್ಲಿ ಹಾಕಿದರೆ 'ಯುಸ್ಕ್ಯಾನ್' ಟೂಲ್ ಮೂಲವನ್ನು ಇಳಿಸುವಾಗಲೇ ಅದನ್ನು ತೆಗೆದು ಮತ್ತೆ ಕಟ್ಟುತ್ತದೆ. ಆವೃತ್ತಿ ಸಂಖ್ಯೆಯ ಕೊನೆಗೆ ಕೂಡಿಸು ಚಿಹ್ನೆ ಮತ್ತು 'ಡಿಎಫ್‌ಎಸ್‌ಜಿ' (ಡೆಬಿಯನ್‌ನ ಆ ಮಾರ್ಗಸೂಚಿಯ ಇಂಗ್ಲಿಷ್ ಹ್ರಸ್ವರೂಪ) ಎಂದು ಸೇರಿಸುವುದು ರೂಢಿ. ಏಕೆ ತೆಗೆದಿರಿ ಎಂದು ಒಂದು ಸಾಲು ಬರೆಯಿರಿ. ಇಲ್ಲದಿದ್ದರೆ ಎರಡು ವರ್ಷ ಬಿಟ್ಟು ನಿಮ್ಮ ಕೆಲಸ ಮುಂದುವರಿಸುವವರು, ಏನೋ ಬಿಟ್ಟುಹೋಗಿದೆ ಎಂದು ಮತ್ತೆ ಸೇರಿಸಿಬಿಡುತ್ತಾರೆ.

ಇನ್ನೊಬ್ಬ ಸದಸ್ಯರು:

ಮೇಡಂ, ಶಾಲೆಯಲ್ಲಿ ಆ ಫೈಲನ್ನು ಯಾರು ತೆರೆದು ಓದುತ್ತಾರೆ? ವೆಬ್‌ಸೈಟಿನಲ್ಲಿ ಹಾಕಿದರೆ ಸಾಲದೇ?

ಉತ್ತರ:

ಮೇಷ್ಟ್ರು ಓದದಿರಬಹುದು ಸರ್. ಆದರೆ ಪ್ಯಾಕೇಜ್ ಅಲ್ಲೇ ನಿಲ್ಲುವುದಿಲ್ಲ. ಬಹಳ ವರ್ಷಗಳ ಹಿಂದೆ ನಾನು ಒಂದು ಅಕ್ಷರ ಕಲಿಕೆಯ ಪ್ರೋಗ್ರಾಂ ಪ್ಯಾಕೇಜ್ ಮಾಡಿದ್ದೆ. ಅದರಲ್ಲಿದ್ದ ಧ್ವನಿಗಳನ್ನು ಮಾರುವಂತಿಲ್ಲ ಎಂಬ ಷರತ್ತು ವೆಬ್‌ಸೈಟಿನಲ್ಲಿ ಮಾತ್ರ ಇತ್ತು. ನಾನೂ ಸುಮ್ನೆ ಬಿಟ್ಟೆ. ಆಮೇಲೆ ಆ ವೆಬ್‌ಸೈಟೇ ನಿಂತುಹೋಯಿತು. ಯಾರೋ ಒಬ್ಬ ಪ್ರಕಾಶಕರು ನನ್ನ ಪ್ಯಾಕೇಜ್ ನಂಬಿ ಅದನ್ನು ಪುಸ್ತಕದ ಜೊತೆ ಸಿ.ಡಿ. ಮಾಡಿ ಮಾರಿದರು. ಧ್ವನಿ ಕೊಟ್ಟ ಹೆಣ್ಣುಮಗಳು ನನಗೆ ಫೋನ್ ಮಾಡಿ ಅತ್ತರು. ಪ್ರಕಾಶಕರ ತಪ್ಪಿರಲಿಲ್ಲ, ಅವರಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ಅಂದಿನಿಂದ, ವಸ್ತು ಎಲ್ಲಿಗೆ ಹೋಗುತ್ತದೋ ಷರತ್ತೂ ಅದರ ಜೊತೆಗೇ ಹೋಗುವಂತೆ ನೋಡಿಕೊಳ್ಳುತ್ತೇನೆ.

ಪೆನ್‌ಡ್ರೈವ್ ಕೊಡುವವರು ಇನ್ನೊಂದನ್ನು ಮರೆಯಬೇಡಿ. ಜಿಪಿಎಲ್ ಪ್ರೋಗ್ರಾಂ ಕೊಟ್ಟರೆ ಸೋರ್ಸ್ ಕೂಡ ಕೊಡಬೇಕು, ಇಲ್ಲವೇ ಕನಿಷ್ಠ 3 ವರ್ಷ ಕೇಳಿದವರಿಗೆ ಕೊಡುತ್ತೇವೆ ಎಂದು ಬರೆದುಕೊಡಬೇಕು. ಸೋರ್ಸನ್ನು ಅದೇ ಪೆನ್‌ಡ್ರೈವ್‌ಗೆ ಹಾಕಿಬಿಡಿ, ಮೂರು ವರ್ಷ ಯಾರು ನೆನಪಿಟ್ಟುಕೊಳ್ಳುತ್ತಾರೆ!

ಮತ್ತೊಬ್ಬ ಸದಸ್ಯರು:

ನಮ್ಮ ಕಂಪನಿಯಲ್ಲಿ ಫೆಡೋರಾ ಎಂಬ ಇನ್ನೊಂದು ಲಿನಕ್ಸ್‌ಗೆ ಆರ್‌ಪಿಎಂ ಪ್ಯಾಕೇಜ್ ಮಾಡುತ್ತೇವೆ. ಅಲ್ಲಿ ಲೈಸೆನ್ಸ್‌ಗೆ ಒಂದೇ ಸಾಲು ತಾನೇ ಇರುವುದು? ಮತ್ತೆ, ಮೈಕ್ರೋಸಾಫ್ಟ್ ಫಾಂಟ್ ಹಂಚಬಾರದು ಎಂದಾದರೆ ಡೆಬಿಯನ್‌ನಲ್ಲಿ ಏರಿಯಲ್ ಹೇಗೆ ಸಿಗುತ್ತದೆ?

ಉತ್ತರ:

ಹೌದು, ಆ ಒಂದೇ ಸಾಲಿನಲ್ಲಿ ಎಸ್‌ಪಿಡಿಎಕ್ಸ್ ಗುರುತುಗಳನ್ನು (ಲೈಸೆನ್ಸ್‌ಗಳಿಗೆ ಕೊಟ್ಟ ಪ್ರಮಾಣಿತ ಚಿಕ್ಕ ಹೆಸರುಗಳನ್ನು) ಬಳಸಬೇಕು. ಫೆಡೋರಾ 2022ರಿಂದ ಅದಕ್ಕೆ ಬದಲಾಯಿಸಿಕೊಂಡಿದೆ. ನಾನು ಅತಿ ಹೆಚ್ಚು ನೋಡುವ ತಪ್ಪು 'ಆ್ಯಂಡ್' ಬದಲು 'ಆರ್' ಹಾಕುವುದು. ಪ್ಯಾಕೇಜಿನ ಒಂದು ಭಾಗದ ಲೈಸೆನ್ಸ್ ಎಂಐಟಿ, ಇನ್ನೊಂದರದು ಜಿಪಿಎಲ್ ಆಗಿದ್ದರೆ 'ಆ್ಯಂಡ್'. 'ಆರ್' ಎಂದರೆ ಎರಡರಲ್ಲಿ ಇಷ್ಟವಾದದ್ದನ್ನು ಆರಿಸಿಕೊಳ್ಳಿ ಎಂದರ್ಥ. ಆ ಆಯ್ಕೆಯನ್ನು ಲೇಖಕರು ಕೊಡಬೇಕೇ ಹೊರತು ನಾವಲ್ಲ. ಎಸ್‌ಪಿಡಿಎಕ್ಸ್ ಪಟ್ಟಿಯಲ್ಲಿ ಇಲ್ಲದ ಲೈಸೆನ್ಸ್ ಆದರೆ 'ಲೈಸೆನ್ಸ್‌ರೆಫ್' ಎಂದು ಶುರುವಾಗುವ ಹೆಸರು ಕೊಟ್ಟು, ಪಠ್ಯವನ್ನು ಪ್ಯಾಕೇಜಿನಲ್ಲೇ ಇಡಿ. ಜೆಂಟೂ ಎಂಬ ಲಿನಕ್ಸ್‌ನಲ್ಲಿ ಇನ್ನೂ ನೇರವಾದ ವ್ಯವಸ್ಥೆ ಇದೆ: 'ರಿಸ್ಟ್ರಿಕ್ಟ್' ಸಾಲಿನಲ್ಲಿ 'ಬಿನ್‌ಡಿಸ್ಟ್' ಎಂದು ಬರೆದರೆ, ಕಂಪೈಲ್ ಆದ ರೂಪವನ್ನು ಹಂಚಬೇಡಿ ಎಂದು ಟೂಲ್‌ಗಳಿಗೂ ತಿಳಿಯುತ್ತದೆ.

ಏರಿಯಲ್ ವಿಷಯ ಚೆನ್ನಾಗಿ ಕೇಳಿದಿರಿ. ಮೈಕ್ರೋಸಾಫ್ಟ್ 1996ರಲ್ಲಿ ವೆಬ್‌ಗೆಂದು ಕೆಲವು ಫಾಂಟ್‌ಗಳನ್ನು ಬಿಟ್ಟಿತ್ತು, ತುಂಗಾ ಅದರಲ್ಲಿಲ್ಲ. ಅವನ್ನು ಹಂಚಬಹುದು, ಆದರೆ ಮೂಲ ರೂಪದಲ್ಲೇ, ಲೈಸೆನ್ಸ್ ಸಮೇತ, ಲಾಭಕ್ಕಲ್ಲದೆ. ಡೆಬಿಯನ್ ಪ್ಯಾಕೇಜಿನಲ್ಲಿ ಫಾಂಟ್‌ಗಳೇ ಇಲ್ಲ. ಅದು 'ಕಾಂಟ್ರಿಬ್'ನಲ್ಲಿರುವ ಒಂದು ಇನ್‌ಸ್ಟಾಲರ್. ನೀವು ಷರತ್ತು ಒಪ್ಪಿದ ಮೇಲೆ ಮೂಲ ಫೈಲ್‌ಗಳನ್ನು ಇಂಟರ್‌ನೆಟ್‌ನಿಂದ ನಿಮ್ಮ ಕಂಪ್ಯೂಟರಿಗೇ ಇಳಿಸುತ್ತದೆ.

ಮೊದಲು ಕೇಳಿದವರು:

ಮೇಡಂ, ಪದಪಟ್ಟಿಯವರಿಗೆ ಮೇಲ್ ಹಾಕಿದ್ದೆ. ನಿವೃತ್ತ ಮೇಷ್ಟ್ರು. "ಯಾರು ಬೇಕಾದರೂ ಬಳಸಲಿ, ಹೆಸರು ಹಾಕಿದರೆ ಸಂತೋಷ" ಎಂದು ಬರೆದಿದ್ದಾರೆ. ಇಷ್ಟು ಸಾಕಾ?

ಉತ್ತರ:

ಓದಿ ತುಂಬಾ ಖುಷಿಯಾಯಿತು. ಇನ್ನೊಂದೇ ಮೇಲ್ ಬೇಕು. ಕ್ರಿಯೇಟಿವ್ ಕಾಮನ್ಸ್ ಬಿವೈ-ಎಸ್‌ಎ 4.0 ಅವರ ಮನಸ್ಸಿಗೆ ಹತ್ತಿರ ಅನ್ನಿಸುತ್ತದೆ: ಹೆಸರು ಉಳಿಯುತ್ತದೆ, ತಿದ್ದಿದವರೂ ಅದೇ ಷರತ್ತಿನಲ್ಲಿ ಹಂಚಬೇಕು. ಡೆಬಿಯನ್ ಅದನ್ನು 'ಮೇನ್'ಗೆ ಒಪ್ಪುತ್ತದೆ. ಮಾರಾಟಕ್ಕೂ ಅವಕಾಶ ಇರುತ್ತದೆ ಎಂದು ಅವರಿಗೆ ಬಿಡಿಸಿ ಹೇಳಿ, ಮುಚ್ಚಿಡಬೇಡಿ. ಒಪ್ಪಿದರೆ ಲೈಸೆನ್ಸಿನ ಹೆಸರು, ಆವೃತ್ತಿ, ಫೈಲಿನ ಹೆಸರು ಮೂರನ್ನೂ ಅವರೇ ಬರೆದು ಕಳುಹಿಸಲಿ.

ಜೊತೆಗೆ ಪದಗಳನ್ನು ಎಲ್ಲಿಂದ ತೆಗೆದುಕೊಂಡಿರಿ ಎಂದು ಮೆಲ್ಲಗೆ ಕೇಳಿ. 1894ರ ಕಿಟ್ಟೆಲ್ ನಿಘಂಟಿನಿಂದ ಆದರೆ ತೊಂದರೆಯಿಲ್ಲ. ಕಿಟ್ಟೆಲ್ 1903ರಲ್ಲಿ ತೀರಿಕೊಂಡರು, ನಮ್ಮಲ್ಲಿ ಹಕ್ಕು ಲೇಖಕರ ನಂತರ 60 ವರ್ಷ. ಇತ್ತೀಚಿನ ನಿಘಂಟಿನ ಅರ್ಥಗಳನ್ನು ಹಾಗೇ ಟೈಪ್ ಮಾಡಿದ್ದರೆ ಹಕ್ಕು ಅವರದ್ದಲ್ಲ, ಕೊಡಲು ಅವರಿಗೂ ಬರುವುದಿಲ್ಲ.

ಉತ್ತರ ಬಂದ ಮೇಲೆ ಆ ಮೇಲ್‌ನ ಪಠ್ಯವನ್ನು, ತಾರೀಖಿನ ಸಮೇತ, ಪದಪಟ್ಟಿಯ ಕಂಡಿಕೆಯ 'ಕಾಮೆಂಟ್' ಸಾಲಿಗೆ ಹಾಕಿ. ಅವರ ಮೇಲ್ ವಿಳಾಸ ಹಾಕಬಹುದಾ ಎಂದು ಕೇಳಿಯೇ ಹಾಕಿ. ಹಕ್ಕಿನ ಸಾಲಿನಲ್ಲಿ ಅವರ ಹೆಸರು ಅವರು ಬರೆಯುವ ರೀತಿಯಲ್ಲೇ ಇರಲಿ. ತುಂಗಾ ತೆಗೆದಿರುವುದರಿಂದ 'ಡಿಎಫ್‌ಎಸ್‌ಜಿ' ಬಾಲ ಹಾಗೇ ಉಳಿಯುತ್ತದೆ. ಲೈಸೆನ್ಸ್ ಇಲ್ಲದ ಆ ಎರಡು ಫೈಲ್‌ಗಳ ಬಗ್ಗೆ ಏನು ಗೊತ್ತಾಯಿತು ಎಂದು ಇಲ್ಲೇ ತಿಳಿಸಿ. ಲೇಖಕರು ಸಿಗದಿದ್ದರೆ ಅವನ್ನು ಹೊಸದಾಗಿ ಬರೆಯುವುದು ಹೇಗೆಂದು ಒಟ್ಟಿಗೆ ನೋಡೋಣ.